ಮಂಡಿಯೊಳಗಿನ ಹಗ್ಗ ಹರಿದರೆ

ಕಬಡ್ಡಿ ಅಂಕಣದಲ್ಲಿ ರೈಡರ್ ಹುಡುಗನೊಬ್ಬ ಹಿಡಿತದಿಂದ ತಪ್ಪಿಸಿಕೊಳ್ಳಲು ಸರಕ್ಕನೆ ತಿರುಗುತ್ತಾನೆ. ಪಾದ ಮ್ಯಾಟಿಗೆ ಕಚ್ಚಿಕೊಂಡಿದೆ, ಮೈ ಮಾತ್ರ ತಿರುಗಿದೆ. ಮಂಡಿಯೊಳಗೆ ಏನೋ 'ಟಕ್' ಎಂದ ಹಾಗೆ ಆಗುತ್ತದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮಂಡಿ ಊದಿ ಗುಂಡಗಾಗಿರುತ್ತದೆ. ಆಸ್ಪತ್ರೆಗೆ ಹೋದರೆ ಎಕ್ಸ್‌ರೇ ತೆಗೆದು 'ಮೂಳೆ ಮುರಿದಿಲ್ಲ' ಅನ್ನುತ್ತಾರೆ. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಎಣ್ಣೆ ಹಚ್ಚಿ ನೀವುತ್ತಾರೆ, ನಾಟಿ ವೈದ್ಯರ ಬಳಿ ಪಟ್ಟು ಹಾಕಿಸುತ್ತಾರೆ. ಮೂರ್ನಾಲ್ಕು ವಾರದಲ್ಲಿ ಊತ ಇಳಿದು ಹುಡುಗ ಆರಾಮಾಗಿ ನಡೆಯುತ್ತಾನೆ. ಮತ್ತೆ ಅಂಕಣಕ್ಕಿಳಿದು ತಿರುಗಿದ ದಿನ ಮಂಡಿ ಕೈಕೊಡುತ್ತದೆ. ಈ ಸಲ ಹರಿದ ಲಿಗಮೆಂಟಿನ ಜೊತೆಗೆ ಕೀಲಿನ ಮೆತ್ತೆಯಾದ ಮೆನಿಸ್ಕಸ್ಸೂ ಹರಿಯಬಹುದು.

ನಮ್ಮಲ್ಲಿ ಎಷ್ಟೋ ಮಂಡಿಗಳು ಕೆಡುವುದು ಮೊದಲ ಪೆಟ್ಟಿನಿಂದಲ್ಲ, ಇಂಥ ಎರಡನೇ ಪೆಟ್ಟಿನಿಂದ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೂಳೆಯನ್ನು ಮೂಳೆಗೆ ಕಟ್ಟಿಹಿಡಿಯುವ ಅಸ್ಥಿರಜ್ಜು, ಅಂದರೆ ಲಿಗಮೆಂಟ್, ಅದರಲ್ಲಿ ಕಾಣುವುದಿಲ್ಲ.

ಮಂಡಿಗೆ ಇಂಥ ಮುಖ್ಯ ಹಗ್ಗಗಳು ನಾಲ್ಕು. ಒಳಬದಿಗೆ ಎಂಸಿಎಲ್, ಹೊರಬದಿಗೆ ಎಲ್‌ಸಿಎಲ್. ಕೀಲಿನ ನಟ್ಟನಡುವೆ ಒಂದನ್ನೊಂದು ಕತ್ತರಿಯಂತೆ ಹಾದುಹೋಗುವ ಎಸಿಎಲ್ ಮತ್ತು ಪಿಸಿಎಲ್. ಎಸಿಎಲ್ ಸುಮಾರು ಮೂರು ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಹೀಗಾಗಿ ಓಡುತ್ತಾ ಗಕ್ಕನೆ ನಿಂತಾಗ, ಜಿಗಿದು ಇಳಿದಾಗ, ದಿಕ್ಕು ಬದಲಿಸಿದಾಗ ಹರಿಯುವುದು ಅದೇ. ಹೆಚ್ಚಿನ ಸಲ ಯಾರೂ ಬಂದು ಗುದ್ದಿರುವುದಿಲ್ಲ. ಒಂದೇ ಆಟ ಆಡುವ ಹುಡುಗ ಹುಡುಗಿಯರನ್ನು ಹೋಲಿಸಿದರೆ ಹುಡುಗಿಯರಲ್ಲಿ ಈ ಗಾಯ ಹೆಚ್ಚು. ಬೈಕಿನಿಂದ ಬಿದ್ದು ಮಡಚಿದ ಮಂಡಿ ನೇರವಾಗಿ ನೆಲಕ್ಕೆ ಬಡಿದರೆ ಪಿಸಿಎಲ್‌ಗೆ ಪೆಟ್ಟು.

ನಾಲ್ಕಕ್ಕೂ ಒಂದೇ ಚಿಕಿತ್ಸೆ ಅಲ್ಲ. ಒಳಬದಿಯ ಎಂಸಿಎಲ್ ಒಂದೇ ಹರಿದಿದ್ದರೆ ಸಾಮಾನ್ಯವಾಗಿ ಕತ್ತಿ ಸೋಕಿಸುವ ಅಗತ್ಯವೇ ಇಲ್ಲ. ಕೆಲವು ವಾರ ಬ್ರೇಸ್ ಹಾಕಿಕೊಂಡು ವ್ಯಾಯಾಮ ಮಾಡಿದರೆ ತಾನೇ ಕೂಡಿಕೊಳ್ಳುತ್ತದೆ. ಪಿಸಿಎಲ್ ಅಷ್ಟೇ ಹರಿದಿದ್ದರೂ ಬಹುಮಟ್ಟಿಗೆ ಇದೇ ದಾರಿ. ಎಸಿಎಲ್ ಹಾಗಲ್ಲ. ಗಾಯ ಮಾಯಬೇಕಾದರೆ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪನ್ನೇ ಸೇತುವೆ ಮಾಡಿಕೊಂಡು ಹೊಸ ಅಂಗಾಂಶ ಬೆಳೆಯಬೇಕು. ಎಸಿಎಲ್ ಇರುವುದು ಕೀಲಿನ ಜಿಡ್ಡುದ್ರವದ ನಡುವೆ. ಹರಿದ ತುದಿಗಳ ನಡುವೆ ಹೆಪ್ಪು ನಿಲ್ಲುವುದೇ ಇಲ್ಲ, ಕರಗಿಹೋಗುತ್ತದೆ. ತುದಿಗಳು ಕೂಡದೆ ಉಳಿಯುವುದೇ ಹೆಚ್ಚು.

ಹರಿದ ತುದಿಗಳನ್ನು ಹೊಲಿದರೆ ಆಗದೇ? 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯರು ಗಣಿ ಕಾರ್ಮಿಕನೊಬ್ಬನ ಮಂಡಿಯಲ್ಲಿ ಅದನ್ನೇ ಮಾಡಿದ್ದರು. ಆದರೆ ಬರೀ ಹೊಲಿಗೆ ಬಹಳ ಮಂದಿಯಲ್ಲಿ ಬಾಳಲಿಲ್ಲ. 1917ರಲ್ಲಿ ಬ್ರಿಸ್ಟಲ್‌ನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ಪಟ್ಟಿಯನ್ನು ಮಂಡಿಯೊಳಗೆ ಹಾಯಿಸಿ ಹೊಸ ಲಿಗಮೆಂಟನ್ನೇ ಕಟ್ಟಿದರು. ಈಗಿನ ಶಸ್ತ್ರಚಿಕಿತ್ಸೆಯ ತಿರುಳೂ ಅದೇ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ, ರೋಗಿಯದೇ ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನೋ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯನ್ನೋ ತೆಗೆದು, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು ಅದನ್ನು ಅಲ್ಲಿ ಬಿಗಿಯುತ್ತಾರೆ.

ಹಾಗಾದರೆ ಎಸಿಎಲ್ ಹರಿದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕೇ? ಸ್ವೀಡನ್ನಿನ ವೈದ್ಯರು ಇದನ್ನು ಚೀಟಿ ಎತ್ತಿದ ಹಾಗೆ ಪರೀಕ್ಷಿಸಿದರು. ಆಟೋಟದಲ್ಲಿ ತೊಡಗಿದ್ದ 121 ಯುವಜನರಲ್ಲಿ 62 ಮಂದಿಗೆ ಬೇಗನೆ ಶಸ್ತ್ರಚಿಕಿತ್ಸೆ, ಆಮೇಲೆ ವ್ಯಾಯಾಮ. ಉಳಿದ 59 ಮಂದಿಗೆ ಮೊದಲು ವ್ಯಾಯಾಮ ಮಾತ್ರ. ಮಂಡಿ ನಿಲ್ಲದಿದ್ದರೆ ಆಗ ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷದ ನಂತರ ನೋವು, ಆಟ, ದಿನದ ಬದುಕು ಯಾವುದರಲ್ಲೂ ಎರಡು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಐದು ವರ್ಷಕ್ಕೂ ಹಾಗೆಯೇ. ವ್ಯಾಯಾಮದಿಂದ ಶುರು ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷವಾದರೂ ಆಪರೇಷನ್ ಬೇಕಾಗಲಿಲ್ಲ.

ಇದನ್ನು ಓದಿ 'ಆಪರೇಷನ್ನೇ ಬೇಡ' ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಸ್ವೀಡನ್ನಿನವರು ನೋಡಿದ್ದು ಹೊಸ ಗಾಯಗಳನ್ನು. 2022ರಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ ಹಳೆಯ ಗಾಯದವರನ್ನು ನೋಡಿತು. ಎಸಿಎಲ್ ಹರಿದು ಬಹಳ ಕಾಲವಾಗಿ, ಮಂಡಿ ಇನ್ನೂ ಆಗಾಗ ಕೈಕೊಡುತ್ತಿದ್ದ 316 ಜನ. ಇವರಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿಗೇ ಹೆಚ್ಚು ಗುಣವಾಯಿತು. ನನ್ನ ಮಟ್ಟಿಗೆ ಎರಡೂ ಸೇರಿ ಹೇಳುವುದು ಇಷ್ಟು: ಎಂಆರ್‌ಐ ಚಿತ್ರವೊಂದನ್ನೇ ನೋಡಿ ನಿರ್ಧರಿಸಬಾರದು, ಮಂಡಿ ಹೇಗೆ ನಡೆದುಕೊಳ್ಳುತ್ತಿದೆ ಎಂದೂ ನೋಡಬೇಕು. ನೇರ ನಡೆಯುವ, ಮೆಟ್ಟಿಲು ಹತ್ತಿಳಿಯುವ, ಸೈಕಲ್ ತುಳಿಯುವ ಬದುಕಿನವರು ಲಿಗಮೆಂಟ್ ಹರಿದಿದ್ದರೂ ಗಟ್ಟಿಯಾದ ತೊಡೆಯ ಬಲದಿಂದ ಚೆನ್ನಾಗಿ ಇರಬಲ್ಲರು. ಕಬಡ್ಡಿ, ಫುಟ್‌ಬಾಲ್‌ನಂಥ ತಿರುಗುವ ಆಟಕ್ಕೆ ಮರಳಲೇಬೇಕು ಅನ್ನುವವರಿಗೆ, ನಡೆಯುವಾಗಲೂ ಮಂಡಿ ತಪ್ಪುವವರಿಗೆ, ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹರಿದವರಿಗೆ, ಹೊಲಿಯಬಹುದಾದಂತೆ ಮೆನಿಸ್ಕಸ್ ಹರಿದವರಿಗೆ ಶಸ್ತ್ರಚಿಕಿತ್ಸೆಯೇ ಸರಿ.

2023ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವರದಿಯೊಂದು ಕುತೂಹಲ ಹುಟ್ಟಿಸಿದೆ. ಗಾಯವಾದ ಕೂಡಲೇ ಮಂಡಿಯನ್ನು ನಾಲ್ಕು ವಾರ 90 ಡಿಗ್ರಿಗೆ ಮಡಚಿ ಬ್ರೇಸಿನಲ್ಲಿ ಇಟ್ಟರೆ ಹರಿದ ತುದಿಗಳು ಹತ್ತಿರ ಬಂದು ಕೂಡಬಹುದು ಎಂಬುದು ಅದರ ಹಿಂದಿನ ಎಣಿಕೆ. 80 ಮಂದಿಯಲ್ಲಿ 72 ಮಂದಿಗೆ ಮೂರು ತಿಂಗಳ ಎಂಆರ್‌ಐಯಲ್ಲಿ ಕೂಡಿದ ಗುರುತು ಕಂಡಿತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಕಾಲನ್ನು ಹಾಗೆ ಮಡಚಿಟ್ಟರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಇದೆ. ದಯವಿಟ್ಟು ಯಾರೂ ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ.

ದಾರಿ ಯಾವುದೇ ಆಗಲಿ, ವ್ಯಾಯಾಮ ತಪ್ಪಿದ್ದಲ್ಲ. ಎಷ್ಟೋ ಮನೆಗಳಲ್ಲಿ ಆಪರೇಷನ್‌ಗೆ ಸಾಲ ಮಾಡಿ ದುಡ್ಡು ಹೊಂದಿಸುತ್ತಾರೆ. ಆಮೇಲೆ ಫಿಸಿಯೊ ಹತ್ತಿರ ಹತ್ತು ದಿನ ಹೋಗಿ ನಿಲ್ಲಿಸಿಬಿಡುತ್ತಾರೆ. ಇದನ್ನು ನೆನೆದರೆ ಸಂಕಟವಾಗುತ್ತದೆ. ಪೆಟ್ಟು ಬಿದ್ದ ಮಂಡಿಯ ಮೇಲೆ ತೊಡೆಯ ಮುಂದಿನ ಸ್ನಾಯು ಕೆಲವೇ ದಿನಗಳಲ್ಲಿ ಸೊರಗುತ್ತದೆ. ಮೊದಲು ಮಂಡಿಯನ್ನು ಪೂರ್ತಿ ನೇರ ಮಾಡಬೇಕು, ಆಮೇಲೆ ತೊಡೆಯ ಬಲ, ಆಮೇಲೆ ಒಂಟಿಕಾಲಿನ ಸಮತೋಲ, ಕೊನೆಗೆ ಜಿಗಿತ ಮತ್ತು ತಿರುವು. ನೋವು ಕಡಿಮೆ ಅನ್ನಿಸುತ್ತದೆಂದು ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಮಲಗುವವರು ಬಹಳ. ಮಂಡಿ ಬಾಗಿದಂತೆಯೇ ಬಿಗಿಯುವುದಕ್ಕೆ ಅದೊಂದು ಕಾರಣ. ವೈದ್ಯರು ಬೇಡ ಅನ್ನದಿದ್ದರೆ ದಿಂಬನ್ನು ಹಿಮ್ಮಡಿಯ ಕೆಳಗೆ ಇಡಿ.

ಕಸಿ ಮಾಡಿದ ಪಟ್ಟಿ ಸುರಂಗದಲ್ಲಿ ಬೇರೂರಿ, ರಕ್ತನಾಳ ಬೆಳೆಸಿಕೊಂಡು ಲಿಗಮೆಂಟಿನಂತೆ ಆಗಲು ಬಹಳ ತಿಂಗಳು ಬೇಕು. ಮೊದಲ ಕೆಲವು ತಿಂಗಳು ಅದು ಕೂರಿಸಿದ ದಿನಕ್ಕಿಂತಲೂ ದುರ್ಬಲ. ಆಟಗಾರನಿಗೆ 'ಈಗ ಸರಿಹೋಯಿತು' ಅನ್ನಿಸತೊಡಗುವುದೂ ಅದೇ ಸಮಯಕ್ಕೆ. ನಾರ್ವೆಯ ಆಟಗಾರರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟ ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು.

ಶಾಲೆ, ಕಾಲೇಜುಗಳ ದೈಹಿಕ ಶಿಕ್ಷಕರಲ್ಲಿ, ಊರಿನ ತಂಡಗಳನ್ನು ಕಟ್ಟುವವರಲ್ಲಿ ಒಂದು ಕೋರಿಕೆ. ಆಡುವಾಗ ತಿರುಚಿ ಕೆಲವೇ ಗಂಟೆಯಲ್ಲಿ ಊದಿದ ಮಂಡಿಯನ್ನು ನೀವಿಸಬೇಡಿ, ಕಾಯಿಸಬೇಡಿ. ಐಸ್ ಇಟ್ಟು, ಕಾಲು ಮೇಲೆತ್ತಿ ಮಲಗಿಸಿ, ಊರುಗೋಲು ಕೊಡಿ. ಎಕ್ಸ್‌ರೇ ಸರಿ ಇದ್ದರೂ ಮೂಳೆತಜ್ಞರ ಕೈಯಲ್ಲಿ ಮಂಡಿ ಹಿಡಿಸಿ ನೋಡಿಸಿ. ಚಿಕಿತ್ಸೆ ಮುಗಿಸಿ ಬಂದ ಮಕ್ಕಳನ್ನು ಒಂಬತ್ತು ತಿಂಗಳು ತುಂಬುವ ಮೊದಲು, ಎರಡೂ ಕಾಲಿನ ಬಲ ಸಮವಾಗುವ ಮೊದಲು, ಯಾವ ಪಂದ್ಯಾವಳಿಗೂ ಇಳಿಸಬೇಡಿ.