ಹಂದಿಗೆ ಹುಳು ಕೊಟ್ಟವರು ಯಾರು?

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಗೆಳೆಯನೊಬ್ಬ ಕಳೆದ ತಿಂಗಳು ನಮ್ಮನ್ನೆಲ್ಲ ಮನೆಗೆ ಕರೆದಿದ್ದ. ಅವನ ಅಜ್ಜಿ ಗಣಿ ಸಾಹೇಬರೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡಿದವರು. ಹಂದಿಯ ಹೊಟ್ಟೆಭಾಗದ ಮಾಂಸವನ್ನು ಉಪ್ಪಿನಲ್ಲಿ ನೆನೆಹಾಕಿ, ತೆಳ್ಳಗೆ ಸೀಳಿ ಹುರಿಯುವ ವಿದ್ಯೆ ಆ ಮನೆಗೆ ಬಂದದ್ದು ಹಾಗೆ. ಅವತ್ತು ಅವನು ನಾಲ್ಕು ಬಗೆಯ ಬೇಕನ್ ಹುರಿದಿಟ್ಟಿದ್ದ: ಬರೀ ಉಪ್ಪಿನದು, ಹೊಗೆ ಹಾಯಿಸಿದ್ದು, ಮೆಣಸು ಹಚ್ಚಿದ್ದು, ಬೆಲ್ಲ ಸವರಿದ್ದು. ಮಾಲೂರು, ಮುಳಬಾಗಿಲಿನಿಂದ ಬಂದವರು ಒಂದೊಂದನ್ನೂ ರುಚಿ ನೋಡಿ ಬೆಲ್ಲದ್ದಕ್ಕೆ ಮೊದಲ ಸ್ಥಾನ ಕೊಟ್ಟರು. ಶ್ರೀನಿವಾಸಪುರದ ಮಾವಿನ ತೋಟದ ಗೆಳೆಯ ಮಾತ್ರ ತಟ್ಟೆ ಸರಿಸಿಬಿಟ್ಟ. "ಹಂದಿ ತಿಂದ್ರೆ ಮೆದುಳಲ್ಲಿ ಹುಳ ಆಗುತ್ತಂತೆ ಕಣಪ್ಪ, ನಂಗೆ ಬೇಡ" ಅಂದವನು, ಪಕ್ಕದ ಬಟ್ಟಲಿನಿಂದ ಹಸಿ ಕ್ಯಾರೆಟ್, ಕೊತ್ತಂಬರಿ ಸೊಪ್ಪಿನ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡ.

ಹಂದಿ ತಿನ್ನುವುದು ಬಿಡುವುದು ಅವರವರ ಇಷ್ಟ. ಆದರೆ ಅವನು ಕೊಟ್ಟ ಕಾರಣ ತಪ್ಪು. ಅವನೊಬ್ಬನದೇ ಅಲ್ಲ, ಓದಿದವರೂ ಹೀಗೇ ನಂಬಿದ್ದಾರೆ. ಆ ಹುಳುವಿನ ಕಥೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅದರ ಹೆಸರು ಲಾಡಿಹುಳು. ಪೈಜಾಮದ ಲಾಡಿಯಂತೆ ಚಪ್ಪಟೆ, ಬಿಳಿ, ಉದ್ದ 2ರಿಂದ 7 ಮೀಟರ್. ಗುಂಡುಸೂಜಿಯ ತಲೆಯಷ್ಟು ಪುಟ್ಟ ತಲೆಯಲ್ಲಿ ನಾಲ್ಕು ಹೀರುಬಟ್ಟಲು, ಎರಡು ಸಾಲು ಕೊಕ್ಕೆ. ಬಾಯಿಯಿಲ್ಲ, ಹೊಟ್ಟೆಯಿಲ್ಲ. ನಮ್ಮ ಸಣ್ಣ ಕರುಳಿನ ಗೋಡೆಗೆ ಕೊಕ್ಕೆ ಹಾಕಿ ನೇತುಬಿದ್ದು, ನಾವು ಉಂಡದ್ದನ್ನು ಮೈಯಿಂದಲೇ ಹೀರುತ್ತದೆ. ಮೈಯಲ್ಲಿ ಸುಮಾರು 1,000 ತುಂಡುಗಳು, ಬಲಿತ ಒಂದೊಂದು ತುಂಡಿನಲ್ಲೂ ಸುಮಾರು 50,000 ಮೊಟ್ಟೆ. ಈ ತುಂಡುಗಳು ಒಂದೊಂದಾಗಿ ಕಳಚಿ ಮಲದೊಂದಿಗೆ ಹೊರಬೀಳುತ್ತವೆ.

ಬಯಲಿನ ಮಲವನ್ನು ತಿಂದ ಹಂದಿಯ ಕರುಳಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ರಕ್ತ ಸೇರಿ ಮಾಂಸಖಂಡಕ್ಕೆ ಹೋಗಿ, ಬಟಾಣಿಯಷ್ಟು ದಪ್ಪದ ನೀರುಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಅರೆಬೆಂದ ಸ್ಥಿತಿಯಲ್ಲಿ ತಿಂದವನ ಕರುಳಲ್ಲಿ ಗುಳ್ಳೆಯ ಮರಿ ಲಾಡಿಹುಳುವಾಗಿ ಬೆಳೆಯುತ್ತದೆ. ಗಮನಿಸಿ, ಕರುಳಲ್ಲಿ. ಮೆದುಳಿಗೆ ಹೋಗುವ ದಾರಿಯೇ ಬೇರೆ. ಗುಳ್ಳೆಯನ್ನಲ್ಲ, ಮೊಟ್ಟೆಯನ್ನು ನುಂಗಿದರೆ ಹಂದಿಯ ಮೈಯಲ್ಲಿ ಆಗುವುದೇ ನಮ್ಮ ಮೈಯಲ್ಲೂ ಆಗುತ್ತದೆ: ಮಾಂಸದಲ್ಲಿ, ಕಣ್ಣಲ್ಲಿ, ಮೆದುಳಲ್ಲಿ ಗುಳ್ಳೆ. ಮೊಟ್ಟೆ ಇರುವುದು ಹಂದಿಮಾಂಸದಲ್ಲಿ ಅಲ್ಲ, ಮನುಷ್ಯನ ಮಲದಲ್ಲಿ. ಅದು ನಮ್ಮ ಬಾಯಿ ಸೇರುವುದು ತೊಳೆಯದ ಕೈಯಿಂದ, ಕೆಟ್ಟ ನೀರಿನಿಂದ, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ. ಎಲೆಕೋಸಿನೊಳಗೆ ಕಾಣುವ ಹಸಿರು ಹುಳು ಮೆದುಳಿಗೆ ಹತ್ತುತ್ತದೆ ಎನ್ನುವ ಮಾತೂ ಸುಳ್ಳು. ಅದು ಚಿಟ್ಟೆಯದೋ ಪತಂಗದ್ದೋ ಮರಿ, ಲಾಡಿಹುಳುವಿನ ನೆಂಟನಲ್ಲ.

1992ರಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳ ಪ್ರಕರಣ ವೈದ್ಯ ಪತ್ರಿಕೆಯಲ್ಲಿ ವರದಿಯಾಯಿತು. ಹಂದಿ ಅವರಿಗೆ ಧರ್ಮನಿಷಿದ್ಧ. ಆದರೂ ಅವರ ಮೆದುಳಲ್ಲಿ ಲಾಡಿಹುಳುವಿನ ಗುಳ್ಳೆಗಳು ಸಿಕ್ಕವು! ಲಾಡಿಹುಳು ಹಬ್ಬಿದ್ದ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರ ಕರುಳಲ್ಲಿ ಹುಳುವಿದ್ದು, ಅಡುಗೆಯ ಕೈಯಿಂದ ಮೊಟ್ಟೆ ದಾಟಿರಬೇಕು ಎಂಬುದು ತನಿಖೆಯ ತೀರ್ಮಾನ. ಶ್ರೀನಿವಾಸಪುರದ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಕೋಸಂಬರಿಯ ಬಟ್ಟಲನ್ನೇ ದಿಟ್ಟಿಸಿದ. ಹೆದರಬೇಡ, ತೊಳೆದು ತಿನ್ನು ಎಂದೆ.

ನನ್ನನ್ನು ಬೆರಗುಗೊಳಿಸಿದ್ದು 2001ರ ಒಂದು ಅಧ್ಯಯನ. ಮನುಷ್ಯರಲ್ಲಿರುವ ಲಾಡಿಹುಳುಗಳ ವಂಶವೃಕ್ಷ ಹಿಡಿದು ಹೊರಟ ವಿಜ್ಞಾನಿಗಳಿಗೆ ಅವುಗಳ ಹತ್ತಿರದ ನೆಂಟರು ಸಿಕ್ಕದ್ದು ಆಫ್ರಿಕಾದ ಸಿಂಹ, ಕತ್ತೆಕಿರುಬಗಳ ಕರುಳಲ್ಲಿ. ಆ ಬೇಟೆಪ್ರಾಣಿಗಳು ತಿನ್ನುತ್ತಿದ್ದ ಜಿಂಕೆಜಾತಿಯ ಪ್ರಾಣಿಗಳ ಮಾಂಸವನ್ನೇ ನಮ್ಮ ಪೂರ್ವಜರೂ ಅಲ್ಲಿನ ಬಯಲಿನಲ್ಲಿ ತಿನ್ನತೊಡಗಿದಾಗ ಹುಳು ನಮಗಂಟಿತು. ಹಂದಿಯನ್ನು ಸಾಕತೊಡಗಿದ್ದು ಸುಮಾರು 10,000 ವರ್ಷಗಳ ಹಿಂದೆ, ಅದಕ್ಕಿಂತ ಬಹಳ ತಡವಾಗಿ. ಅಂದರೆ ಹಂದಿಗೆ ಈ ಹುಳು ಕೊಟ್ಟವರು ನಾವು. ಇವತ್ತಿಗೂ ಬಲಿತ ಹುಳುವಿಗೆ ಪ್ರಕೃತಿಯಲ್ಲಿರುವ ಮನೆ ಮನುಷ್ಯನ ಕರುಳೊಂದೇ.

ಮೆದುಳಿನ ಗುಳ್ಳೆಯ ಮುಖ್ಯ ಲಕ್ಷಣ ಫಿಟ್ಸ್. ಈ ಹುಳು ಹಬ್ಬಿರುವ ಹಲವು ದೇಶಗಳಲ್ಲಿ ಮೂರ್ಛೆರೋಗದ ಸುಮಾರು 30% ಪ್ರಕರಣಗಳಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುತ್ತಾರೆ, ಚಪ್ಪಲಿ ಮೂಸಿಸುತ್ತಾರೆ, ಗಾಳಿ ಮೆಟ್ಟಿಕೊಂಡಿದೆಯೆಂದು ತಾಯಿತ ಕಟ್ಟಿಸುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಬ್ಬಿಣಕ್ಕೆ ಯಾವ ಗುಳ್ಳೆಯೂ ಕರಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಗುಳ್ಳೆ ಕಾಣುತ್ತದೆ, ವೈದ್ಯರ ನಿಗಾದಲ್ಲಿ ಕೊಡುವ ಔಷಧಗಳೂ ಇವೆ.

ಇನ್ನು ಬೇಕನ್. ಉಪ್ಪು, ಹೊಗೆಯನ್ನೇ ನಂಬಿ ಹಸಿಯಾಗಿ ತಿನ್ನಬೇಡಿ. ಬೀದಿಯಲ್ಲಿ ಅಲೆದ ಹಂದಿಯದು ಬೇಡ, ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕಿದ್ದೇ ಇರಲಿ. ಗರಿಗರಿಯಾಗುವಷ್ಟು ಹುರಿದ ಚೂರಿನಲ್ಲಿ ಯಾವ ಗುಳ್ಳೆಯೂ ಬದುಕಿರುವುದಿಲ್ಲ. ಮತ್ತೆ, ಶೌಚಕ್ಕೆ ಹೋಗಿ ಬಂದವರು ಸೋಪು ಹಚ್ಚಿ ಕೈ ತೊಳೆಯದೆ ಕೋಸಂಬರಿಗೆ ಕ್ಯಾರೆಟ್ ತುರಿಯಬೇಡಿ.