ಗುಂಯ್‌ಗುಡುವುದು ಯಾವುದು?

ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಎಲ್ಲರ ಬೆರಳೂ ಟ್ರಾನ್ಸ್‌ಫಾರ್ಮರ್ ಕಡೆಗೇ. ಅದು ಅವಸರದ ತೀರ್ಪು. ಮೊದಲು ಪೆಟ್ಟಿಗೆಗೆ ಕಿವಿಗೊಡಿ, ಆಮೇಲೆ ಸ್ಪೀಕರಿಗೆ. ರಾಜಾಜಿನಗರದಿಂದ ಕೆಂಗೇರಿಯವರೆಗೂ ಬೆಸ್ಕಾಂ ಕೊಡುವುದು 50 ಹರ್ಟ್ಸ್ ಕರೆಂಟು. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಗಡುಗಳು ಸೆಕೆಂಡಿಗೆ 100 ಸಲ ಅದುರುತ್ತವೆ. ಪೆಟ್ಟಿಗೆಯೊಳಗಿನ ಸಣ್ಣ ಗುನುಗು ಅದರ ಹುಟ್ಟುಗುಣ. ಜೋರಾದರೆ ಬೋಲ್ಟು ಸಡಿಲಾಗಿರಬಹುದು. ಸದ್ದು ಸ್ಪೀಕರಿನಿಂದ ಬಂದರೆ ಕಥೆಯೇ ಬೇರೆ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತೊಡನೆ ನಿಂತಿತೇ? ತಪ್ಪು ಬಹುಮಟ್ಟಿಗೆ ಅರ್ಥಿಂಗಿನ ಸುತ್ತಿನದು. ಕೇಬಲ್ಲುಗಳನ್ನೆಲ್ಲ ಕಿತ್ತು ವಾಲ್ಯೂಮ್ ಸೊನ್ನೆಗಿಳಿಸಿದರೂ ನಿಲ್ಲದಿದ್ದರೆ, ದಣಿದ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನಪಡಿ. ‘ಹಳೇ ಮಾಲು, ಟ್ರಾನ್ಸ್‌ಫಾರ್ಮರನ್ನೇ ಬದಲಿಸಿಬಿಡೋಣ’ ಎನ್ನುವವರಿದ್ದಾರೆ. ಹೊಸದು ಬಂದರೂ ಅರ್ಥಿಂಗ್ ದೋಷ ಹಾಗೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗುತ್ತದೆ. ಇನ್ನು ಕೆಲವರು ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿಯುತ್ತಾರೆ. ಸದ್ದು ನಿಲ್ಲಬಹುದು, ಆದರೆ ಶಾಕ್ ಹೊಡೆಯದಂತೆ ಕಾಯುವ ಪಿನ್ ಅದೊಂದೇ, ದಯವಿಟ್ಟು ಮುರಿಯಬೇಡಿ.