ದಂತಚಿಕಿತ್ಸೆ ಮತ್ತು ಸಾರ್ವಜನಿಕ ಹೊಣೆ: ಬ್ರಿಟನ್ನಿನ ನಿದರ್ಶನ

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದಾಗ ದಂತಚಿಕಿತ್ಸೆಯೂ ಉಚಿತವಾಗಿದ್ದಿತು. ಬಹುಕಾಲ ನೋವನ್ನು ನುಂಗಿಕೊಂಡಿದ್ದ ಬಡಜನರು ದಂತವೈದ್ಯರಲ್ಲಿಗೆ ಮುಗಿಬಿದ್ದರು. ವೆಚ್ಚವು ಅಂದಾಜನ್ನು ಮೀರಿತು. 1951ರ ಆಯವ್ಯಯವು ಕಟ್ಟುಹಲ್ಲು, ಕನ್ನಡಕಗಳಿಗೆ ಶುಲ್ಕ ವಿಧಿಸಹೊರಟಾಗ, ಸೇವೆಯ ನಿರ್ಮಾತೃವಾದ ಅನ್ಯೂರಿನ್ ಬೆವನ್ ಮಂತ್ರಿಪದವನ್ನು ತ್ಯಜಿಸಿದರು. 1952ರಲ್ಲಿ ಚಿಕಿತ್ಸೆಗೂ ಒಂದು ಪೌಂಡಿನವರೆಗೆ ಶುಲ್ಕ ಬಂದಿತು. ಹೀಗೆ ಸಾರ್ವಜನಿಕ ಹೊಣೆಯಲ್ಲಿ ಹಲ್ಲಿಗೆ ಬೇರೆಯ ಪಂಕ್ತಿಯಾಯಿತು.

ಇಂದು ಆ ಸೇವೆಯಡಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳದ ದಂತವೈದ್ಯರು ಅನೇಕರು. ಮಕ್ಕಳಿಗೆ ಶುಲ್ಕವಿಲ್ಲ, ನಿಜ. ವೈದ್ಯರೇ ದೊರೆಯದಿದ್ದರೆ ವಿನಾಯಿತಿಯಿಂದೇನು ಫಲ? ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆ ಸೇರಲು ಅತಿ ಸಾಮಾನ್ಯ ಕಾರಣ ಹುಳುಕುಹಲ್ಲು. ಸಕಾಲದಲ್ಲಿ ಕುಳಿ ತುಂಬಿದ್ದರೆ ಮುಗಿಯುತ್ತಿದ್ದ ಕೆಲಸವು ಅರಿವಳಿಕೆ ಕೊಟ್ಟು ಹಲ್ಲು ಕೀಳುವಲ್ಲಿಗೆ ಮುಟ್ಟುತ್ತದೆ. ಉಳಿಯಿತೆಂದುಕೊಂಡ ಹಣವು ಆಸ್ಪತ್ರೆಯ ವೆಚ್ಚವಾಗಿ ಮರಳುತ್ತದೆಂಬುದೇ ನಾವು ಈ ಇತಿಹಾಸದಿಂದ ಗ್ರಹಿಸಬೇಕಾದ ಪಾಠ.